ಉಡಿಯಲ್ಲಿ ಬಂದ ಖಣಗಳು ಟ್ರಂಕು ತುಂಬಿವೆ, ತಂಗಿಯ ಕುಬಸಕ್ಕೆ ಇವುಗಳಿಂದ ಏನು ಮಾಡಬಹುದು?

ವಿದ್ಯಾಗಿರಿ ಅಕ್ಕ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ತಂಗಿಯ ಕುಬಸ (ಸೀಮಂತ) ಇದೆ. ಮನೆಯಲ್ಲೇ ಮಾಡುತ್ತಿದ್ದೇವೆ. ಹೆಣ್ಣುಮಕ್ಕಳೇ 40 ಮಂದಿ ಆಗುತ್ತಾರೆ. ಬಂದವರ ಕೈಗೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಡಬ್ಬಿ ಕೊಡೋಕೆ ನನಗೆ ಮನಸ್ಸಿಲ್ಲ.

ಅವ್ವನ ಟ್ರಂಕು ತೆಗೆದು ನೋಡಿದರೆ ಉಡಿಯಲ್ಲಿ ಬಂದ ಖಣಗಳ (ಉಡಿ ತುಂಬುವಾಗ ಕೊಡುವ ಕುಪ್ಪಸದ ಬಟ್ಟೆ) ರಾಶಿಯೇ ಇದೆ. ಯಾವುದು ಯಾರ ಮನೆಯಿಂದ ಬಂತು ಅಂತ ಅವ್ವನಿಗೂ ನೆನಪಿಲ್ಲ. ಕೆಲವು ಹೊಚ್ಚ ಹೊಸವು, ಮಡಿಕೆ ಕೂಡ ಬಿಚ್ಚಿಲ್ಲ. ಕೆಲವಕ್ಕೆ ಅರಿಶಿನದ ಕಲೆ ಆಗಿದೆ. ಜೊತೆಗೆ ಎರಡು ಹಳೆ ಇಳಕಲ್ ಸೀರೆ ಇವೆ. ಮೈ ಜೀರ್ಣವಾಗಿದೆ, ಸೆರಗು ಮಾತ್ರ ಇನ್ನೂ ಗಟ್ಟಿ.

ಖಣದಲ್ಲಿ ಲಾಡಿ ಹಾಕಿದ ಸಣ್ಣ ಚೀಲ ಹೊಲಿದು, ಒಳಗೆ ನಾವೇ ಮಾಡಿದ ಜೋಳದ ಬಿಸ್ಕಿಟ್ ಇಟ್ಟು ಕೊಡಬೇಕು ಅಂತ ನನ್ನ ಆಸೆ. ಮನೆಯಲ್ಲಿ ಕಾಲಿನ ಮಷಿನ್ ಇದೆ, ನೇರ ಹೊಲಿಗೆ ಚೆನ್ನಾಗಿ ಬರುತ್ತದೆ. ಓವನ್ ಇಲ್ಲ. ಒಂದು ಖಣದಲ್ಲಿ ಎಷ್ಟು ಚೀಲ ಬರಬಹುದು? ಬಿಸ್ಕಿಟ್ ಹೇಗೆ ಮಾಡೋದು? ಉಳಿದ ಖಣ ಹಾಳಾಗದಂತೆ ಹೇಗೆ ಇಡೋದು? ಉಡಿಯ ಖಣಕ್ಕೆ ಕತ್ತರಿ ಹಾಕಬಾರದು ಅಂತ ಅವ್ವ ಬೇರೆ ಹಟ ಹಿಡಿದಿದ್ದಾಳೆ. ತಿಳಿದವರು ಹೇಳಿ.

ಗುಳೇದಗುಡ್ಡ ಹೊಲಿಗೆಮನೆ

ಅಕ್ಕಾವ್ರೆ, ನಿಮ್ಮ ಅವ್ವನ ಮಾತಿನಿಂದಲೇ ಶುರು ಮಾಡುತ್ತೇನೆ. ಉಡಿಗೆ ಖಣ ಹಾಕುವುದೇ ಅದನ್ನು ಹೊಲಿಸಿಕೊಂಡು ತೊಡಲಿ ಅಂತ. ಕತ್ತರಿ ಬೀಳಲೆಂದೇ ನೇಯ್ದ ಬಟ್ಟೆ ಅದು. ಟ್ರಂಕಿನಲ್ಲಿಟ್ಟು ಮಡಿಕೆಯ ಗೆರೆಯಲ್ಲೇ ಸೀಳಿ ಹೋಗಲು ಬಿಡುವುದಕ್ಕಿಂತ ನಾಲ್ಕು ಮನೆಗೆ ಹೋಗುವುದು ಒಳ್ಳೆಯದು. ಆದರೆ ಎಲ್ಲ ಖಣಕ್ಕೂ ಕತ್ತರಿ ಹಾಕಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ.

ನಾನು ಗುಳೇದಗುಡ್ಡದವಳು. ಮಗ್ಗದ ಸಪ್ಪಳ ಕೇಳುತ್ತಲೇ ಬೆಳೆದೆ. ಈಗ ನಮ್ಮ ಓಣಿಯಲ್ಲಿ ಆ ಸಪ್ಪಳ ತೀರಾ ಕಡಿಮೆ. ನಮ್ಮೂರ ಖಣಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ನಿಜ. ಆದರೆ ಉಡಿಗೆ ಬರುವ ಖಣಗಳಲ್ಲಿ ಈಗ ಬಹುಪಾಲು ಪವರ್‌ಲೂಮ್‌ನ ಪಾಲಿಸ್ಟರ್. ನಿಮ್ಮ ಟ್ರಂಕಿನ ತಳದಲ್ಲಿ ಹಳೆಯ ಹತ್ತಿ-ರೇಷ್ಮೆಯ ಕೈಮಗ್ಗದ ಖಣ ಒಂದೆರಡಾದರೂ ಇರುತ್ತವೆ. ಅವನ್ನು ಬಿಸ್ಕಿಟ್ ಚೀಲ ಮಾಡಬಾರದು. ತಂಗಿಗೋ ನಿಮಗೋ ಒಂದು ಜಂಪರ್ ಆಗಲಿ.

ಗುರುತಿಸೋದು ಹೇಗೆ ಅಂದರೆ, ಪ್ರತಿ ಖಣದ ಕತ್ತರಿಸಿದ ಅಂಚಿನಿಂದ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಎಳೆ ಎಳೆಯಿರಿ. ಚಿಮುಟಿಯಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದರೆ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ ನಿಧಾನ ಸುಟ್ಟು ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದೇ ಖಣದಲ್ಲಿ ಎರಡು ಬಗೆಯ ನೂಲು ಇರಬಹುದು, ಅದಕ್ಕೇ ಎರಡೂ ಕಡೆಯ ಎಳೆ ನೋಡಬೇಕು. ಹುಷಾರು, ಕರಗಿದ ಹನಿ ಕೈಗೆ ಅಂಟಿದರೆ ಚರ್ಮ ಸುಡುತ್ತದೆ. ಕೈಮಗ್ಗದ್ದೋ ಅಲ್ಲವೋ ಅನ್ನುವ ಅನುಮಾನ ಇದ್ದರೆ ಮಗ್ಗದ ಮನೆಯವರಿಗೆ ತೋರಿಸಿ. ಅವರು ಬಟ್ಟೆ ಮುಟ್ಟಿದ ಕೂಡಲೇ ಹೇಳುತ್ತಾರೆ. ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಇಂಥ ಹಳೆ ಚಿತ್ತಾರ ಕಂಡರಂತೂ ಮೊದಲು ಬದಿಗಿಡಿ, ಆಮೇಲೆ ವಿಚಾರಿಸಿ.

ಈಗ ಚೀಲದ ಲೆಕ್ಕ. ನಿಮ್ಮ ಖಣ 30 ಇಂಚು ಅಗಲ, 32 ಇಂಚು ಉದ್ದ ಇದೆ ಅಂದುಕೊಳ್ಳೋಣ. ಪ್ರತಿಯೊಂದನ್ನೂ ಅಳೆದೇ ನೋಡಿ, ಒಂದೊಂದು ಒಂದೊಂದು ಥರ ಇರುತ್ತವೆ. ಅಗಲದಲ್ಲಿ 10 ಇಂಚಿನ ಮೂರು ಪಟ್ಟಿ, ಉದ್ದದಲ್ಲಿ 16 ಇಂಚಿನ ಎರಡು ಭಾಗ. ಒಟ್ಟು ಆರು ತುಂಡು, ಆರು ಚೀಲ. ಏಳು ಖಣದಲ್ಲಿ 42 ಆಗುತ್ತವೆ. ನಿಮ್ಮ 40 ಮಂದಿಗೆ ಸಾಕು.

16 ಇಂಚನ್ನು ನಡುವೆ ಮಡಚಿದರೆ 8 ಇಂಚು ಅಗಲ, 10 ಇಂಚು ಎತ್ತರದ ಚೀಲ. ಕೆಳಗೆ ಒಂದು, ಪಕ್ಕದಲ್ಲಿ ಒಂದು ಹೊಲಿಗೆ ಅಷ್ಟೇ. ಖಣದ ಹಿಂಬದಿ ತಿರುಗಿಸಿ ನೋಡಿ, ಚಿತ್ತಾರದ ಎಳೆಗಳು ಸಡಿಲವಾಗಿ ತೇಲುತ್ತಿರುತ್ತವೆ. ಕತ್ತರಿಸಿದ ಕಡೆ ಅವು ಬೇಗ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಒಂದೇ ಹೊಲಿಗೆ ಹಾಕಿ ಬಿಡಬೇಡಿ. ಮೊದಲು ಒಳಮೈಗೆ ಒಳಮೈ ಸೇರಿಸಿ, ಅಂದರೆ ಅಂದದ ಮೈ ಹೊರಗೇ ಇರಲಿ, ಕಾಲು ಇಂಚು ಬಿಟ್ಟು ಹೊಲಿಯಿರಿ. ಹೊರಗೆ ಕಾಣುವ ಎಳೆಗಳನ್ನು ಕತ್ತರಿಸಿ. ಚೀಲವನ್ನು ತಿರುವಿ ಇನ್ನೊಂದು ಹೊಲಿಗೆ ಹಾಕಿ. ಕತ್ತರಿಸಿದ ಅಂಚು ಎರಡು ಹೊಲಿಗೆಯ ನಡುವೆ ಮುಚ್ಚಿಹೋಗುತ್ತದೆ. ಲೈನಿಂಗ್ ಬೇಕಿಲ್ಲ, ಪಿಕೋ ಮಾಡಿಸುವ ಖರ್ಚೂ ಇಲ್ಲ.

ಪಕ್ಕದ ಹೊಲಿಗೆಯಲ್ಲಿ ಮೇಲಿನ 3 ಇಂಚು ಹೊಲಿಯದೆ ಬಿಡಿ, ಆ ಸೀಳಿನ ಎರಡೂ ಅಂಚನ್ನು ಸಣ್ಣಗೆ ಮಡಚಿ ಹೊಲಿಯಿರಿ. ಆಮೇಲೆ ಬಾಯಿಯನ್ನು ಒಂದೂವರೆ ಇಂಚು ಒಳಗೆ ಮಡಚಿ ಸುತ್ತ ಹೊಲಿದರೆ ಲಾಡಿಗೆ ದಾರಿ ಆಯಿತು. ಇದು ನಡುವಿನ ಎರಡು ತುಂಡಿಗೆ.

ಅಂಚಿನ ನಾಲ್ಕು ತುಂಡಿನಲ್ಲಿ ದಡಿ ಬರುತ್ತದೆ ನೋಡಿ, ಅದನ್ನು ಚೀಲದ ಬಾಯಿಗೆ ಬರುವಂತೆ ಇಡಿ. ದಡಿಯ ಅಂಚು ಎಳೆ ಬಿಡುವುದಿಲ್ಲ, ಅಲ್ಲಿ ಮಡಚುವ ಕೆಲಸವೇ ಇಲ್ಲ. ಮಡಚಿದರೆ ದಡಿ ಒಳಗೆ ಹೋಗಿ ಚೀಲದ ಅಂದವೇ ಹೋಗುತ್ತದೆ. ಒಳಗಡೆ, ದಡಿಯ ಕೆಳಗೆ, ಒಂದಿಂಚಿನ ಹತ್ತಿ ಪಟ್ಟಿ ಇಟ್ಟು ಮೇಲೊಂದು ಕೆಳಗೊಂದು ಹೊಲಿಗೆ ಹಾಕಿ, ಅದರೊಳಗೆ ಸೇಫ್ಟಿ ಪಿನ್ನಿನಿಂದ ಲಾಡಿ ಪೋಣಿಸಿ. ಎಳೆದಾಗ ದಡಿ ನೆರಿಗೆಯಾಗಿ ಮೇಲೆ ಅರಳಿ ನಿಲ್ಲುತ್ತದೆ. ನಾನು ಹೊಲಿಯುವ ಚೀಲಗಳಲ್ಲಿ ಎಲ್ಲರೂ ಮೊದಲು ಕೈಹಾಕುವುದು ಇವಕ್ಕೇ.

ಲಾಡಿ ಒಂದಕ್ಕೆ 20 ಇಂಚು ಬೇಕು. 40 ಚೀಲಕ್ಕೆ ಸುಮಾರು 21 ಮೀಟರ್. ಪಾಲಿಸ್ಟರ್ ಖಣಕ್ಕೆ ಇಸ್ತ್ರಿ ಮಂದ ಬಿಸಿಯಲ್ಲಿ, ಮೇಲೊಂದು ಬಟ್ಟೆ ಹಾಸಿ ಮಾಡಿ. ಬಿಸ್ಕಿಟ್ಟನ್ನು ನೇರವಾಗಿ ಖಣದೊಳಗೆ ಸುರಿಯಬೇಡಿ, ತುಪ್ಪದ ಕಲೆ ಹೋಗುವುದಿಲ್ಲ. ಬಟರ್ ಪೇಪರಿನಲ್ಲಿ ಸುತ್ತಿಯೇ ಇಡಿ.

ವಿದ್ಯಾಗಿರಿ ಅಕ್ಕ

ಅಕ್ಕಾ, ತುಂಬಾ ಉಪಕಾರ. ಈಗಲೇ ಎಳೆ ಸುಟ್ಟು ನೋಡುತ್ತಾ ಕೂತಿದ್ದೇವೆ, ಅವ್ವನೂ ಪಕ್ಕದಲ್ಲೇ ಇದ್ದಾಳೆ. ನಾಲ್ಕು ಖಣ ಕೂದಲು ಸುಟ್ಟ ವಾಸನೆ ಬಂದವು, ಎತ್ತಿಟ್ಟೆವು. ಅದರಲ್ಲಿ ಒಂದು ಕಡುನೀಲಿ, ಕೆಂಪು ದಡಿ. ಅದು ತನ್ನ ಮದುವೆಗೆ ಬಂದದ್ದು ಅಂತ ಅವ್ವನಿಗೆ ಈಗ ನೆನಪಾಯಿತು. ಉಳಿದವನ್ನು ಕತ್ತರಿಸೋಕೆ ಒಪ್ಪಿದ್ದಾಳೆ. ಅರಿಶಿನದ ಕಲೆಗೆ ಏನು ಮಾಡಲಿ?

ಜಮಖಂಡಿ ಅಡುಗೆಮನೆ

ಬಿಸ್ಕಿಟ್ ವಿಷಯ ನಾನು ಹೇಳುತ್ತೇನೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಹಿಡಿತ ಇಲ್ಲ. ಬರೀ ಜೋಳದಲ್ಲಿ ಮಾಡಿದರೆ ಕೈಯಲ್ಲಿ ಹಿಡಿದರೂ ಉದುರುತ್ತದೆ. ಎರಡು ಪಾಲು ಜೋಳಕ್ಕೆ ಒಂದು ಪಾಲು ಗೋಧಿ ಹಿಟ್ಟು ಸರಿಯಾಗುತ್ತದೆ.

ಮೊದಲ ಸಲಕ್ಕೆ ಈ ಅಳತೆ ಇಟ್ಟುಕೊಳ್ಳಿ: ಬಿಳಿಜೋಳದ ಹಿಟ್ಟು 120 ಗ್ರಾಂ, ಗೋಧಿ ಹಿಟ್ಟು 60 ಗ್ರಾಂ, ಪುಡಿ ಬೆಲ್ಲ 90 ಗ್ರಾಂ, ತುಪ್ಪ 100 ಗ್ರಾಂ, ಕಾಲು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ. ಸುಮಾರು 20 ಬಿಸ್ಕಿಟ್ ಆಗುತ್ತವೆ. ಜೋಳದ ಹಿಟ್ಟು ಹೊಸದಾಗಿ ಬೀಸಿಸಿದ್ದೇ ಇರಬೇಕು, ಹಳೆಯದಾದರೆ ಕಹಿ ಬರುತ್ತದೆ. ಅದನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿದು, ಪೂರ್ತಿ ಆರಿಸಿ. ಬಿಸಿ ಹಿಟ್ಟಿಗೆ ತುಪ್ಪ ಹಾಕಿದರೆ ಕರಗಿ ಬಿಸ್ಕಿಟ್ ಹರಡಿಕೊಳ್ಳುತ್ತದೆ. ತುಪ್ಪ ಗಟ್ಟಿಯಾಗಿ, ಬೆಣ್ಣೆಯ ಹದದಲ್ಲಿ ಇರಲಿ. ತುಪ್ಪ, ಬೆಲ್ಲ ಎರಡನ್ನೂ ಕೈಯಿಂದ ಚೆನ್ನಾಗಿ ತಿಕ್ಕಿ ಹಗುರಾದ ಮೇಲೆ ಹಿಟ್ಟು ಸೇರಿಸಿ. ಮುದ್ದೆ ಕೂಡದಿದ್ದರೆ ಮಾತ್ರ ಹಾಲು, ಅದೂ ಒಂದೊಂದೇ ಚಮಚ. ಅರ್ಧ ಗಂಟೆ ಮುಚ್ಚಿಡಿ. ಜೋಳದ ಹಿಟ್ಟು ನಿಧಾನ ನೀರು ಕುಡಿಯುತ್ತದೆ, ಈ ಅರ್ಧ ಗಂಟೆ ಕಾಯದಿದ್ದರೆ ಬಾಯಲ್ಲಿ ಮರಳು ಮರಳು ಅನಿಸುತ್ತದೆ. ನಿಂಬೆಹಣ್ಣಿಗಿಂತ ಸ್ವಲ್ಪ ಸಣ್ಣ ಉಂಡೆ ಮಾಡಿ, ಒತ್ತಿ, ಮೇಲೆ ಎಳ್ಳು ಅಂಟಿಸಿ.

ಓವನ್ ಇಲ್ಲದಿದ್ದರೆ ದಪ್ಪ ತಳದ ಹಳೆ ಪಾತ್ರೆ ತೆಗೆದುಕೊಳ್ಳಿ. ದಿನದ ಪ್ರೆಷರ್ ಕುಕ್ಕರ್ ಬೇಡ, ನೀರಿಲ್ಲದೆ ಕಾಸಿದರೆ ಅದು ಹಾಳಾಗುತ್ತದೆ. ತಳಕ್ಕೆ ಒಂದು ಇಂಚು ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ತಟ್ಟೆ ಇಟ್ಟ ಮೇಲೆ ಉರಿ ಸಣ್ಣ ಮಾಡಿ, 20ರಿಂದ 25 ನಿಮಿಷ. ಬೆಲ್ಲ ಇರುವುದರಿಂದ ತಳ ಬೇಗ ಕಪ್ಪಾಗುತ್ತದೆ, 18 ನಿಮಿಷಕ್ಕೇ ಒಂದನ್ನು ಎತ್ತಿ ತಳ ನೋಡಿ. ಬಿಸಿಯಿರುವಾಗ ಮೆತ್ತಗಿರುತ್ತವೆ, ಬೆಂದಿಲ್ಲ ಅಂತ ಇನ್ನೂ ಇಡಬೇಡಿ. ಆರಿದ ಮೇಲೆ ಗರಿಯಾಗುತ್ತವೆ.

ಆದರೆ 40 ಮಂದಿಗೆ ಐದೈದು ಅಂದರೂ 200 ಬಿಸ್ಕಿಟ್. ಪಾತ್ರೆಯಲ್ಲಿ ಒಂದು ಸಲಕ್ಕೆ ಎಂಟು-ಹತ್ತು ಹಿಡಿದರೆ ಹೆಚ್ಚು. ಮನೆಯಲ್ಲಿ ಒಂದು ಸಲ ಮಾಡಿ ರುಚಿ ನೋಡಿಕೊಳ್ಳಿ. ಆಮೇಲೆ ಹತ್ತು ಪಟ್ಟು ಹಿಟ್ಟು ಕಲಸಿ ಬೇಕರಿಗೆ ಒಯ್ಯಿರಿ. ಜೋಳ 1 ಕೆಜಿ 200 ಗ್ರಾಂ, ಗೋಧಿ 600, ಬೆಲ್ಲ 900, ತುಪ್ಪ 1 ಕೆಜಿ. ನಮ್ಮೂರಿನ ಬೇಕರಿಯವರು ಮಧ್ಯಾಹ್ನದ ಹೊತ್ತಿಗೆ ಹೋದರೆ ಸುಟ್ಟು ಕೊಡುತ್ತಾರೆ, ಸುಡುವ ಕೂಲಿ ಅಷ್ಟೇ ತೆಗೆದುಕೊಳ್ಳುತ್ತಾರೆ. ನಿಮ್ಮಲ್ಲೂ ಕೇಳಿ ನೋಡಿ. ಮೈದಾ ಬಿಸ್ಕಿಟ್ಟಿನ ಬಿಸಿ ಇದಕ್ಕೆ ಜಾಸ್ತಿ ಆಗುತ್ತದೆ, ಸ್ವಲ್ಪ ಕಡಿಮೆ ಬಿಸಿಯಲ್ಲಿ ಅಂತ ಹೇಳಿ. 160 ಡಿಗ್ರಿ ಸಾಕು. ಕಾರ್ಯಕ್ಕೆ ಮೂರ್ನಾಲ್ಕು ದಿನ ಮೊದಲು ಮಾಡಿ ಬಿಗಿ ಡಬ್ಬಿಯಲ್ಲಿಡಿ. ಬೆಲ್ಲ ಗಾಳಿಯ ತೇವ ಎಳೆಯುತ್ತದೆ, ಚೀಲಕ್ಕೆ ತುಂಬುವುದು ಆ ದಿನ ಬೆಳಿಗ್ಗೆಯೇ.

ತುಪ್ಪದ ಖರ್ಚು ಭಾರ ಅನಿಸಿದರೆ ಶೇಂಗಾ ಉಂಡೆ ಕಟ್ಟಿ ಕೊಡಿ, ಅದಕ್ಕೇನೂ ಕಡಿಮೆಯಿಲ್ಲ. ಅಮೀನಗಡದ ಕರದಂಟು ತಂದು ಕೊಟ್ಟರೂ ಯಾರೂ ಬೇಡ ಅನ್ನುವುದಿಲ್ಲ.

ಇಳಕಲ್ ಮಗ್ಗದ ಮನೆ

ಸೀರೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಂಗೀ, ಇಳಕಲ್ ಸೀರೆಯ ಮೈ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸುತ್ತೇವೆ, ಟೋಪ್ ತೆನಿ ಅನ್ನುವುದು ಇದಕ್ಕೇ. ಸೆರಗು ಬೇರೆ ಮಾಡುವಾಗ ಆ ಕೂಡಿಸಿದ ಗೆರೆಯ ಮೇಲೆ ಕತ್ತರಿ ಇಟ್ಟರೆ ಕುಣಿಕೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಮೈಯ ಕಡೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಆ ನಾಲ್ಕು ಬೆರಳನ್ನು ಹಿಂದಕ್ಕೆ ಮಡಚಿ ಹೊಲಿಯಿರಿ. ಸೆರಗು ಕೂಡಿಸಿದ ಗೆರೆಯ ಸಮೇತ ಉಳಿಯುತ್ತದೆ. ಅದನ್ನು ದುಪಟ್ಟಾ ಮಾಡಿ, ಇಲ್ಲ ಒಂದು ಜಾಕೆಟ್ಟಿನ ಬೆನ್ನಿಗೆ ಹಾಕಿಸಿ. ಸೆರಗು ಚಮಕಾ (ಕೃತಕ ರೇಷ್ಮೆ) ಆಗಿದ್ದರೆ ಒದ್ದೆಯಿದ್ದಾಗ ಹಿಂಡಬೇಡಿ, ಆ ನೂಲಿಗೆ ನೀರಲ್ಲಿ ಬಲ ಇರುವುದಿಲ್ಲ. ದಡಿ ಗಟ್ಟಿ ಇದ್ದರೆ ಬಿಡಿಸಿಕೊಂಡು ಸಾದಾ ಸೀರೆಗೆ ಹಚ್ಚಬಹುದು.

ಜೀರ್ಣವಾದ ಮೈಯನ್ನು ಬಿಸಾಡಬೇಡಿ ದಯವಿಟ್ಟು. ನೂರಾರು ಸಲ ತೊಳೆದ ಹತ್ತಿಯಷ್ಟು ಮೆತ್ತಗಿನ ಬಟ್ಟೆ ಅಂಗಡಿಯಲ್ಲಿ ಸಿಗೋದಿಲ್ಲ. ಹುಟ್ಟುವ ಕೂಸಿಗೆ ಒಂದು ಕೌದಿ ಮಾಡಿ. ಒಂದು ಗಜ ಉದ್ದ, ಒಂದು ಗಜ ಅಗಲ, ನಾಲ್ಕು ಪದರ ಸಾಕು. ಬಿಸಿನೀರಲ್ಲಿ ತೊಳೆದು ಒಣಗಿಸಿ, ಪದರ ಹಾಸಿ, ದೊಡ್ಡ ಹೊಲಿಗೆಯಿಂದ ಅಲ್ಲಲ್ಲಿ ಹಿಡಿಸಿ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ದಾರದ ಗಂಟು ಪದರದ ಒಳಗೆ ಹೋಗಲಿ, ಮೇಲಿದ್ದರೆ ಕೂಸಿನ ಮೈಗೆ ಚುಚ್ಚುತ್ತದೆ. ಜರಿ, ಟಿಕಳಿ ಯಾವುದೂ ಬೇಡ. ಹುಟ್ಟುವ ಮೊದಲು ಕೂಸಿಗೆ ಹೊಸ ಬಟ್ಟೆ ತರಬಾರದು ಅನ್ನುವ ಮನೆಯಲ್ಲೂ ಹಳೆ ಸೀರೆಯ ಕೌದಿಗೆ ಅಡ್ಡಿ ಇರುವುದಿಲ್ಲ. ಕುಬಸಕ್ಕೆ ಬಂದ ಹಿರಿಯರು ಒಬ್ಬೊಬ್ಬರು ಒಂದೊಂದು ಸಾಲು ಹೊಲಿದರೂ ಎಷ್ಟು ಚಂದ ಅಲ್ವಾ!

ವಿಜಯಪುರದ ಟೀಚರಮ್ಮ

ಟ್ರಂಕಿನ ಮಾತು ನನಗೆ ಬಿಡಿ. ಒಂದರ ಮೇಲೊಂದು ಪೇರಿಸಿಟ್ಟರೆ ಮೇಲಿನ ನಾಲ್ಕು ಮಾತ್ರ ಕಾಣುತ್ತವೆ, ಕೆಳಗಿನವು ವರ್ಷಗಟ್ಟಲೆ ಹಾಗೇ. ಖಣಗಳನ್ನು ಅಂಗೈ ಅಗಲಕ್ಕೆ ಮಡಚಿ, ಚಪ್ಪಲಿ ಡಬ್ಬಿಯಲ್ಲಿ ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸಿ. ಡಬ್ಬಿಯ ಒಳಗೆ ಹಳೆ ಬಿಳಿ ಪಂಚೆಯ ತುಂಡು ಹಾಸಿ. ಪೇಪರ್ ಬೇಡ, ಶಾಯಿ ಅಂಟುತ್ತದೆ. ಪ್ಲಾಸ್ಟಿಕ್ ಕವರೂ ಬೇಡ, ತೇವ ಒಳಗೇ ಉಳಿಯುತ್ತದೆ.

ಎತ್ತಿಟ್ಟಿದ್ದೀರಲ್ಲ ಆ ನಾಲ್ಕು ರೇಷ್ಮೆ ಖಣ, ಅವನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಡಿ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ತೆಗೆದು ನೆರಳಿಗೆ ಹಾಕಿ, ಬೇರೆ ಗೆರೆಯಲ್ಲಿ ಮಡಚಿ. ಒಂದೇ ಗೆರೆಯಲ್ಲಿ ಇದ್ದರೆ ಅಲ್ಲೇ ಸೀಳುವುದು. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ತಾಗದಂತೆ ಸಣ್ಣ ಗಂಟು ಕಟ್ಟಿ ಮೂಲೆಯಲ್ಲಿಡಿ. ನಾನು ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಇಡುತ್ತೇನೆ, ಹಳೆಯದಾದಾಗ ಬದಲಿಸುತ್ತೇನೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಇನ್ನು ಮುಂದೆ ಉಡಿಯಲ್ಲಿ ಬಂದ ಖಣಕ್ಕೆ ಮನೆಗೆ ಬಂದ ಕೂಡಲೇ ಚೀಟಿ ಇಡಿ. ಯಾರು ಕೊಟ್ಟರು, ಯಾವ ಕಾರ್ಯ, ಯಾವ ವರ್ಷ, ಅಷ್ಟು ಸಾಕು. ಅವರು ಕೊಟ್ಟ ಖಣ ತಿರುಗಿ ಅವರದೇ ಉಡಿಗೆ ಹೋದರೆ ಎಷ್ಟು ನೋವಾಗುತ್ತದೆ! ಚೀಟಿಗೆ ಗುಂಡುಪಿನ್ ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಮಡಿಕೆಯೊಳಗೆ ಸುಮ್ನೆ ಇಟ್ಟರಾಯಿತು, ಪೆನ್ಸಿಲ್ಲಿನಲ್ಲಿ ಬರೆಯಿರಿ.

ವಿದ್ಯಾಗಿರಿ ಅಕ್ಕ

ಟೀಚರಮ್ಮನವರ ಮಾತು ಕೇಳಿ ಹೊಸ ಚಿಂತೆ ಹತ್ತಿತು. ಈಗ ಕತ್ತರಿಸುವ ಖಣಗಳಲ್ಲಿ ಕುಬಸಕ್ಕೆ ಬರುವವರೇ ಕೊಟ್ಟದ್ದು ಇದ್ದರೆ? ಚೀಲ ನೋಡಿ ಗುರುತು ಹಿಡಿದರೆ ಬೇಜಾರಾಗುವುದಿಲ್ಲವೇ?

ಗುಳೇದಗುಡ್ಡ ಹೊಲಿಗೆಮನೆ

ಮೊದಲು ಕಲೆಯ ಮಾತು ಹೇಳಿಬಿಡುತ್ತೇನೆ, ನಿಮ್ಮ ಪ್ರಶ್ನೆ ಆಗಲೇ ಉಳಿದಿತ್ತು. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಗಾಗುತ್ತದೆ, ಗಾಬರಿ ಆಗಬೇಡಿ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ತಣ್ಣೀರಲ್ಲಿ ತೊಳೆದು, ಕಲೆಯ ಭಾಗವನ್ನಷ್ಟೇ ಬಿಸಿಲಿಗೆ ತೋರಿಸಿ, ಉಳಿದದ್ದರ ಮೇಲೆ ಬಟ್ಟೆ ಮುಚ್ಚಿ. ಅರಿಶಿನ ಬಿಸಿಲಿಗೆ ಮಾಸುತ್ತದೆ. ಆದರೆ ಖಣದ ಬಣ್ಣವೂ ಮಾಸುತ್ತದೆ, ಹಾಗಾಗಿ ಆಗಾಗ ಹೋಗಿ ನೋಡುತ್ತಿರಿ. ತೊಳೆಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ತಿಕ್ಕಿ. ಬಣ್ಣ ಬಿಟ್ಟರೆ ಆ ಖಣವನ್ನು ತೊಳೆಯಲೇಬೇಡಿ, ಕಲೆಯ ಜಾಗ ಬಿಟ್ಟು ಕತ್ತರಿಸಿ.

ಇನ್ನು ಗುರುತಿನ ಮಾತು. ಒಬ್ಬರ ಖಣದಿಂದಲೇ ಆರೂ ಚೀಲದ ಮೈ ಮಾಡಬೇಡಿ. ಒಂದು ಖಣದ ಮೇಲಿನ ಅರ್ಧ, ಇನ್ನೊಂದರ ಕೆಳಗಿನ ಅರ್ಧ ಸೇರಿಸಿ ಹೊಲಿಯಿರಿ. ಹಸಿರಿಗೆ ಕೆಂಪು, ನೇರಳೆಗೆ ಹಳದಿ. ಕೂಡಿಸುವ ಹೊಲಿಗೆಗೆ ಅರ್ಧ ಇಂಚು ಹೆಚ್ಚು ಇಟ್ಟುಕೊಳ್ಳಿ. ಅಂದವೂ ಜಾಸ್ತಿ, ಯಾರದೆಂದು ಹೇಳಲೂ ಬರುವುದಿಲ್ಲ. ಆದರೂ ಯಾರಾದರೂ ಗುರುತು ಹಿಡಿದರೆ, ನೀವು ಕೊಟ್ಟ ಖಣವನ್ನೇ ಈ ಮನೆಯ ಶುಭಕಾರ್ಯಕ್ಕೆ ಬಳಸಿದ್ದೇವೆ ಅಂತ ನಿಮ್ಮ ಅವ್ವನೇ ಬಾಯಿತುಂಬ ಹೇಳಲಿ. ನಾಳೆ ಮೊದಲ ಚೀಲ ಹೊಲಿದ ಮೇಲೆ ಬಾಯಿಯ ಭಾಗದ ಫೋಟೊ ಹಾಕಿ. ಪಟ್ಟಿ ಸರಿಯಾಗಿ ಕೂತಿದೆಯೋ ನೋಡಿ ಹೇಳುತ್ತೇನೆ, ಆಮೇಲೆ ಉಳಿದವಕ್ಕೆ ಕೈಹಾಕಿ.